ಪುಟ ನಲವತ್ತೊಂದರ ಎಡಗಣ್ಣು

ಇಂದ,
ಅಬ್ದುಲಸಾಬ ನದಾಫ, ವಯಸ್ಸು ಐವತ್ತೆರಡು,
ಗಾದಿ ಮತ್ತು ತಲೆದಿಂಬು ತಯಾರಕರು ಹಾಗೂ ಮಾರಾಟಗಾರರು,
ಯಲಬುರ್ಗಾ ರಸ್ತೆ, ಕುಷ್ಟಗಿ, ಕೊಪ್ಪಳ ಜಿಲ್ಲೆ.
(ಅರ್ಜಿದಾರರು ಹೇಳಿದಂತೆ ಬರೆದವರು: ಕೊಟ್ರಬಸಪ್ಪ, ನಿವೃತ್ತ ಗುಮಾಸ್ತರು, ಸದರಿ ಅಂಗಡಿಯ ಎದುರುಮನೆ)

ಗೆ,
ಪ್ರಧಾನ ಸಂಪಾದಕರು,
ಕಣ್ರೆಪ್ಪೆಯ ದೋಷಗಳು ಹಾಗೂ ಇತರೆ ಶಸ್ತ್ರಚಿಕಿತ್ಸೆಗಳ ಸಂಶೋಧನಾ ಪತ್ರಿಕೆ.
(ವಿಳಾಸ ಇಂಗ್ಲಿಷಿನಲ್ಲಿರುವುದರಿಂದ ಪತ್ರಿಕೆಯಿಂದಲೇ ಕತ್ತರಿಸಿ ಲಕೋಟೆಗೆ ಅಂಟಿಸಲಾಗಿದೆ)

ವಿಷಯ: ತಮ್ಮ ಪತ್ರಿಕೆಯ ಪುಟ 41ರಲ್ಲಿ ಅಚ್ಚಾಗಿರುವ ಎಡಗಣ್ಣು ಸದರಿ ಅಬ್ದುಲಸಾಬರದ್ದೇ ಎಂದು ಹೆಸರು, ಊರು, ಅಂಗಡಿಯ ವಿಳಾಸ ಸಮೇತ ಜಗತ್ತಿಗೆ ತಿಳಿಸಿಕೊಡುವ ಕುರಿತು.

ಉಲ್ಲೇಖ: 1) ಸದರಿ ಪುಟ. 2) ಸದರಿ ಕಣ್ಣು. 3) ಗಂಗಾವತಿಯ ಬೀಗರ ವಾಟ್ಸಾಪ್ ಸ್ಟೇಟಸ್.

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಅರ್ಜಿದಾರರು ಸುಳ್ಳು ಹೇಳುವ ಪೈಕಿಯವರಲ್ಲ. ಗಾದಿಯೊಳಗೆ ಹಳೆಯ ಹತ್ತಿ ತುಂಬಿದ್ದರೆ ಹಳೆಯದೆಂದೇ ಹೇಳಿ ಮಾರುವವರು. ಅಂಥವರಿಗೆ ಈಗ ಊರಲ್ಲಿ ‘ಬಂಡಲ್ ಸಾಬ’ ಎಂಬ ಹೆಸರು ಬಿದ್ದಿದೆ. ಈ ಹೆಸರು ಬೀಳಲು ತಮ್ಮ ಪತ್ರಿಕೆಯೇ ಕಾರಣವಾದ್ದರಿಂದ ಅದನ್ನು ತೆಗೆಯುವ ಹೊಣೆಯೂ ತಮ್ಮದೇ ಎಂದು ಭಾವಿಸಿ ಈ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರಲಾಗಿದೆ.

1. ಅರ್ಜಿದಾರರ ಎಡಗಣ್ಣಿನ ಮೇಲ್ರೆಪ್ಪೆಯು ಹುಟ್ಟಿದಾಗಿನಿಂದ ಅರ್ಧ ಇಳಿಬಿದ್ದಿತ್ತು, ಅಂಗಡಿಯ ಷಟರ್ ನಡುವೆ ಸಿಕ್ಕಿಕೊಂಡ ಹಾಗೆ. ಇದರಿಂದ ಲಾಭವೂ ಇತ್ತು. ಮಾರುವವರ ಕಣ್ಣೇ ತೂಕಡಿಸುತ್ತಿರುವುದನ್ನು ಕಂಡ ಗಿರಾಕಿಗಳು, ಗಾದಿ ಅಷ್ಟು ಮೆತ್ತಗಿರಬೇಕೆಂದು ನಂಬಿ ಹೆಚ್ಚು ಚೌಕಾಸಿ ಮಾಡದೆ ಒಯ್ಯುತ್ತಿದ್ದರು. ನಷ್ಟವೂ ಇತ್ತು. ಮಗಳು ತಸ್ಲೀಮಾಳ ನಿಕಾಹ್‌ದ ದಿನ ಅರ್ಜಿದಾರರು ಕಣ್ಣೀರು ತಡೆದುಕೊಂಡು ಕೂತಿದ್ದರೆ, ಬೀಗರಾದ ಗಂಗಾವತಿಯ ಉಮರಸಾಬರು ನಾಲ್ಕು ಜನರಿಗೆ ಕೇಳುವಂತೆ, “ನೋಡ್ರಿ, ಹುಡುಗಿ ಅಪ್ಪ ಮದುವ್ಯಾಗ ನಿದ್ದಿ ಹೊಡ್ಯಾಕತ್ಯಾನ” ಎಂದಿದ್ದಾರೆ. ಅಂದಿನಿಂದ ಬೀಗರ ನಡುವೆ ಮಾತು ಇದೆ, ಸಲಿಗೆ ಇಲ್ಲ.

2. ಸದರಿ ಕಣ್ಣಿನ ನಾಚಿಕೆಯಿಂದಾಗಿ ಅರ್ಜಿದಾರರು ಜೀವಮಾನದಲ್ಲಿ ಒಂದು ಫೋಟೋವನ್ನೂ ನೇರವಾಗಿ ತೆಗೆಸಿಕೊಂಡಿಲ್ಲ. ಬಲಮಗ್ಗುಲಿಗೆ ತಿರುಗಿರುತ್ತಾರೆ, ಇಲ್ಲವೇ ಕಪ್ಪು ಕನ್ನಡಕ ಹಾಕಿರುತ್ತಾರೆ. ತಮ್ಮದೇ ಮದುವೆಯ ಫೋಟೋದಲ್ಲೂ ಕಪ್ಪು ಕನ್ನಡಕವೇ. ಆಧಾರ್ ಕಾರ್ಡಿನಲ್ಲಿ ಮಾತ್ರ ಕನ್ನಡಕಕ್ಕೆ ಒಪ್ಪಿಗೆ ಸಿಗದೆ ಹುಬ್ಬನ್ನು ನೆತ್ತಿಯವರೆಗೆ ಎತ್ತಿ ಕಣ್ಣು ತೆರೆದಿರುವ ಕಾರಣ, ಅದು ಅರ್ಜಿದಾರರಂತೆ ಕಾಣುವುದಿಲ್ಲ, ದೆವ್ವ ಕಂಡವರಂತೆ ಕಾಣುತ್ತದೆ.

3. ಹೀಗಿರಲಾಗಿ ಕುಷ್ಟಗಿಯಲ್ಲಿ ನಡೆದ ಕಣ್ಣಿನ ಶಿಬಿರಕ್ಕೆ ವೈದ್ಯಕೀಯ ಕಾಲೇಜೊಂದರ ಡಾ. ಶೈಲಜಾ ಅವರು ಬಂದು, ಶಿಬಿರಕ್ಕೆ ತಲೆದಿಂಬು ಕೊಡಲು ಹೋಗಿದ್ದ ಅರ್ಜಿದಾರರನ್ನು ನಿಲ್ಲಿಸಿಕೊಂಡಿದ್ದಾರೆ.

“ಇದು ದೇವ್ರು ಕೊಟ್ಟದ್ದರಿ ಡಾಕ್ಟರ್ ಮೇಡಮ್‌ರ” ಎಂದು ಅರ್ಜಿದಾರರು ಹೇಳಲು, ಸದರಿ ಡಾಕ್ಟರರು, “ದೇವ್ರು ರೆಪ್ಪಿ ಎತ್ತೋ ಸ್ನಾಯೂನೂ ಕೊಟ್ಟಾನ್ರಿ. ಅದು ಸಡಿಲ ಐತಿ, ಬಿಗಿ ಮಾಡಿದ್ರ ಆತು. ನೀವು ಗಾದಿಗೆ ಟಾಕಿ ಹಾಕಂಗಿಲ್ಲೇನು, ಹಂಗ” ಎಂದಿದ್ದಾರೆ. ತಮ್ಮ ಕಸುಬಿನ ಮಾತು ಬಂದ ಕೂಡಲೇ ಅರ್ಜಿದಾರರು ಕರಗಿದ್ದಾರೆ. ಚಿಕಿತ್ಸೆಯು ಸಂಶೋಧನೆಯ ಭಾಗವಾಗಿದ್ದು, ಕಣ್ಣಿನ ಚಿತ್ರ ದೇಶವಿದೇಶದ ಡಾಕ್ಟರರು ಓದುವ ಪುಸ್ತಕದಲ್ಲಿ ಬರಬಹುದು ಎಂದಾಗಲಂತೂ ಕೇಳಬೇಡಿ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದ್ದು ಬೆಳಿಗ್ಗೆ. ಮಧ್ಯಾಹ್ನದೊಳಗೆ ಸುದ್ದಿ ತಳಕಲ್ಲಿನ ನೆಂಟರ ಮನೆ ಮುಟ್ಟಿತ್ತು.

4. ಫೋಟೋದ ದಿನ ಅರ್ಜಿದಾರರು ಗಡ್ಡಕ್ಕೆ ಮದರಂಗಿ ಹಚ್ಚಿ, ಹೊಸ ಜುಬ್ಬಾ ತೊಟ್ಟು ಹೋಗಿದ್ದಾರೆ. ಅತ್ತರು ಸಹ ಪೂಸಿಕೊಂಡಿದ್ದು, ಅದು ಫೋಟೋದಲ್ಲಿ ಬರುವುದಿಲ್ಲವೆಂದು ತಿಳಿದೇ ಪೂಸಿಕೊಂಡಿದ್ದಾರೆ. ಕ್ಯಾಮೆರಾ ಕಂಡ ಕೂಡಲೇ ಹಳೆಯ ರೂಢಿಯಂತೆ ಹುಬ್ಬು ಮೇಲೇರಿದ್ದು, “ಹುಬ್ಬು ಎತ್ತಬ್ಯಾಡ್ರಿ ಅಬ್ದುಲಸಾಬ್ರ, ಕಣ್ಣು ಇದ್ದಂಗ ಇರ್ಲಿ” ಎಂದು ಡಾಕ್ಟರರು ಎಷ್ಟು ಹೇಳಿದರೂ ಹುಬ್ಬು ಕೇಳದೆ, ಕೊನೆಗೆ ಅವರೇ ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದಿದ್ದಾರೆ.

5. ಸದರಿ ಕಾಲೇಜಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ಆಗಿ, ಎಡಗಣ್ಣು ಬಲಗಣ್ಣಿನ ಸಮಕ್ಕೆ ಬಂದಿದೆ. ಈ ಬಗ್ಗೆ ಅರ್ಜಿದಾರರ ತಕರಾರೇನೂ ಇಲ್ಲ.

6. ತಕರಾರು ಇರುವುದು ಡಾಕ್ಟರರು ಕಳಿಸಿದ ತಮ್ಮ ಪತ್ರಿಕೆ ಬಂದ ದಿನದ್ದು. ಪಂಪಣ್ಣನ ಹೋಟೆಲಿನಲ್ಲಿ ಜನ ಸೇರಿಸಿ, ಎಲ್ಲರಿಗೂ ಮಿರ್ಚಿ ಭಜಿ ಹೇಳಿ, ಪುಟ 41 ಬಿಚ್ಚಲಾಗಿ, ಅಲ್ಲಿ ಗಡ್ಡವಿಲ್ಲ, ಜುಬ್ಬಾ ಇಲ್ಲ, ಮೂಗು ಕೂಡ ಇಲ್ಲ. ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಒಂದು ಕಣ್ಣು ಮತ್ತು ಡಾಕ್ಟರರ ಹೆಬ್ಬೆರಳಿನ ಉಗುರು. ಇತರ ರೋಗಿಗಳ ಗುರುತು ಮುಚ್ಚಲು ತಾವು ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆಯುತ್ತೀರಿ. ಇಲ್ಲಿ ಕಣ್ಣೇ ವಿಷಯವಾದ್ದರಿಂದ, ಕಣ್ಣೊಂದನ್ನು ಇಟ್ಟುಕೊಂಡು ಉಳಿದ ಅಬ್ದುಲಸಾಬರನ್ನೆಲ್ಲ ತೆಗೆದುಹಾಕಿದ್ದೀರಿ. ಹೆಸರಿನ ಜಾಗದಲ್ಲಿ ‘ಐವತ್ತೆರಡು ವರ್ಷದ ಪುರುಷ’ ಎಂದಿದೆ. ಕೆಳಗೆ ‘ರೋಗಿ ಸಂಖ್ಯೆ 17’ ಎಂದಿದೆ.

ಸೊಸೆ ತಸ್ಲೀಮಾಳನ್ನು ತವರಿಗೆ ಬಿಡಲು ಬಂದಿದ್ದ ಉಮರಸಾಬರು ಪುಟವನ್ನು ದೂರ ಹಿಡಿದು, ಹತ್ತಿರ ಹಿಡಿದು, “ಕಣ್ಣಂದ್ರ ಎಲ್ಲಾರ್ದೂ ಕಣ್ಣ ಅಲ್ರಿ ಬೀಗ್ರ? ಹೆಸರೆಲ್ಲೈತಿ?” ಎಂದರು.

“ವಯಸ್ಸು ನೋಡ್ರಿ, ಐವತ್ತೆರಡು ಅಂತ ಐತಿ.”

“ನನಗೂ ಐವತ್ತೆರಡ.”

ಹೋಟೆಲು ಹೋ ಎಂದು ನಕ್ಕಿತು. ಹೋಲಿಸಿ ತೋರಿಸೋಣವೆಂದರೆ ಅರ್ಜಿದಾರರ ಕಣ್ಣು ಈಗ ನೆಟ್ಟಗಾಗಿದೆ. ಹಳೆಯ ಫೋಟೋ ತರೋಣವೆಂದರೆ ಒಂದೂ ಇಲ್ಲ. ಈ ಭೂಮಿಯ ಮೇಲೆ ಆ ಕಣ್ಣಿನ ಚಿತ್ರ ಇರುವುದು ಅದೊಂದೇ, ಅದರಲ್ಲಿ ಅರ್ಜಿದಾರರಿಲ್ಲ. ಇದು ಅನ್ಯಾಯ, ಮಾನ್ಯರೇ. ಅರ್ಜಿದಾರರು ಮನೆಗೆ ಬಂದು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ತಾವೇ ಹೊಲಿದ ಗಾದಿಯ ಮೇಲೆ ನಿದ್ದೆ ಬರಲಿಲ್ಲವೆಂದು ಅವರು ಹೇಳಿದ್ದು ಇದೇ ಮೊದಲು.

7. ವಿಷಯ ಇಲ್ಲಿಗೇ ನಿಂತಿಲ್ಲ. ಉಮರಸಾಬರು ಸದರಿ ಚಿತ್ರವನ್ನು ಮೊಬೈಲಿನಲ್ಲಿ ಹೊಡೆದುಕೊಂಡು, ‘ವಿಶ್ವದ ವೈದ್ಯಕೀಯ ಗ್ರಂಥದಲ್ಲಿ ನನ್ನ ಕಣ್ಣು’ ಎಂದು ವಾಟ್ಸಾಪ್ ಸ್ಟೇಟಸ್ ಹಾಕಿದ್ದಾರೆ. ಮೊದಲು ಚೇಷ್ಟೆಗೇ ಹಾಕಿರಬಹುದು. ಆದರೆ ಗಂಗಾವತಿಯ ಅವರ ಓಣಿಯ ಹಿರಿಯರು ಅದನ್ನು ನಿಜವೆಂದು ನಂಬಿ, ಕರೆದು ಕೂರಿಸಿ, ಶಾಲು ಹೊದಿಸಿ ಸನ್ಮಾನ ಮಾಡಿದ್ದಾರೆ. ಶಾಲು ಹೊದ್ದ ಮೇಲೆ ಅದನ್ನು ಚೇಷ್ಟೆ ಎನ್ನುವ ಧೈರ್ಯ ಯಾರಿಗಿದೆ? ಇನ್ನೊಬ್ಬರ ಕಣ್ಣಿಗೆ ಶಾಲು ಹೊದಿಸಿಕೊಂಡವರನ್ನು ಬರಹಗಾರರು ತಮ್ಮ ಸರ್ಕಾರಿ ಸೇವಾವಧಿಯಲ್ಲಿಯೂ ಕಂಡಿಲ್ಲ.

8. ಸಾಕ್ಷಿ: ಅರ್ಜಿದಾರರ ಪತ್ನಿ ಕಾಸೀಮಬೀ. ಇವರಿಗೆ ಪುಟವನ್ನು ತೋರಿಸಲಾಗಿ, ಒಲೆಯ ಮುಂದಿನಿಂದ ಎದ್ದು ಬಂದು, ಸೆರಗಿನಿಂದ ಕೈ ಒರೆಸಿಕೊಂಡು ನೋಡಿ ಹೇಳಿದ್ದನ್ನು ಇದ್ದಂತೆಯೇ ಬರೆಯಲಾಗಿದೆ.

“ಇವ್ರದ ಐತಿ. ಲಗ್ನ ಆಗಿ ಬಂದಾಗಿಂದ ಇದ ಕಣ್ಣ ನನ್ನ ನೋಡೇತಿ, ನನಗ ಗುರ್ತು ಹತ್ತಂಗಿಲ್ಲೇನ್ರಿ? ಇವ್ರು ಎಷ್ಟ ಸಿಟ್ಟಾದ್ರೂ ಇದು ಅರ್ಧಾನ ಸಿಟ್ಟಾಗತಿತ್ತು, ನನಗ ನಗು ಬರತಿತ್ತು. ಈಗಿನ ಕಣ್ಣೂ ಛಲೋ ಐತಿ, ಇಲ್ಲ ಅನ್ನಂಗಿಲ್ಲ. ಖರೆ ಇದು ಊರ ಮಂದೀನೆಲ್ಲಾ ನೋಡತೈತಿ. ಅದು ನನ್ನ ನೋಡತಿತ್ತು.”

ಹೆಂಡತಿಯ ಸಾಕ್ಷಿ ನಡೆಯುವುದಿಲ್ಲವೆಂದು ಉಮರಸಾಬರು ಫೋನಿನಲ್ಲಿ ತಳ್ಳಿಹಾಕಿದ್ದಾರೆ.

9. ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದಾಗಿ, ಗೌಪ್ಯತೆ ಎಂಬ ನಿಯಮವನ್ನು ಅರ್ಜಿದಾರರ ಮಟ್ಟಿಗೆ ಸಡಿಲಿಸಿ, ‘ರೋಗಿ ಸಂಖ್ಯೆ 17 ಎಂದರೆ ಕುಷ್ಟಗಿಯ ಅಬ್ದುಲಸಾಬ ನದಾಫ’ ಎಂದು ಮುಂದಿನ ಸಂಚಿಕೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬೇಕೆಂದು

10. ಇಲ್ಲಿಗೆ ಬರೆಯುವಷ್ಟರಲ್ಲಿ, ಹೆಸರು ಹಾಕಿಸಲು ಬರುತ್ತದೆಯೇ ಎಂದು ಅರ್ಜಿದಾರರು ಬೆಳಿಗ್ಗೆ ಕೇಳಿದ್ದಕ್ಕೆ ಉತ್ತರವಾಗಿ ಡಾ. ಶೈಲಜಾ ಅವರ ಫೋನು ಬಂದಿದ್ದರಿಂದ ಒಂಬತ್ತನೇ ಅಂಶವು ಅರ್ಧಕ್ಕೆ ನಿಂತಿದೆ. ಅರ್ಜಿದಾರರ ಮೊಬೈಲಿನ ಸ್ಪೀಕರ್ ಕೆಟ್ಟು, ಯಾವಾಗಲೂ ಜೋರಾಗಿಯೇ ಕೇಳುವುದರಿಂದ ಬರಹಗಾರರಿಗೂ ಕೇಳಿಸಿದ್ದೇನೆಂದರೆ:

“ಅಬ್ದುಲಸಾಬ್ರ, ಹೆಸರು ಹಾಕ್ರಿ ಅಂತ ನೀವ ಬರದು ಕೊಟ್ರ ಅವ್ರು ಹಾಕಬಹುದು. ಆದ್ರ ಬರಿಯೋದಕ್ಕಿಂತ ಮೊದ್ಲ ಪುಟ ಎಪ್ಪತ್ಮೂರು ತಗದು ನೋಡ್ರಿ. ಆ ಚಿತ್ರದ ಕೆಳಗೂ ಸಂಖ್ಯೆ ಹದಿನೇಳ ಐತಿ. ನಮ್ಮ ಆಸ್ಪತ್ರ್ಯಾಗ ಒಬ್ಬ ರೋಗಿಗೆ ಒಂದ ಸಂಖ್ಯೆರಿ.”

ಪುಟ 73 ತೆಗೆಯಲಾಯಿತು. ಲೇಖನವು ಮೂಲವ್ಯಾಧಿಯ ಹೊಸ ಬಗೆಯ ಶಸ್ತ್ರಚಿಕಿತ್ಸೆಯ ಕುರಿತಾಗಿದೆ. ಇಲ್ಲಿ ಮುಖ ಮುಚ್ಚುವ ಪ್ರಶ್ನೆಯೇ ಬಂದಿಲ್ಲ. ಕಣ್ಣಿಗೆ ಬೆಂಕಿಪೊಟ್ಟಣದಷ್ಟು ಜಾಗ ಕೊಟ್ಟ ತಾವು ಇದಕ್ಕೆ ಅರ್ಧ ಪುಟ ಕೊಟ್ಟಿದ್ದೀರಿ, ಅದೂ ಬಣ್ಣದಲ್ಲಿ.

11. ಕಣ್ಣು ಸರಿಹೋದ ಹುರುಪಿನಲ್ಲಿ ಅರ್ಜಿದಾರರು ಅದೇ ಆಸ್ಪತ್ರೆಯಲ್ಲಿ ಈ ಇನ್ನೊಂದು ತೊಂದರೆಯನ್ನೂ ತೋರಿಸಿ ವಾಸಿ ಮಾಡಿಸಿಕೊಂಡಿದ್ದು ನಿಜ. ಆಗಲೂ ಒಂದು ಕಾಗದಕ್ಕೆ ಸಹಿ ಮಾಡಿದ್ದು ನಿಜ. ಕಾಗದ ಕನ್ನಡದಲ್ಲೇ ಇತ್ತು, ಓದಲಿಲ್ಲ. ಗಾದಿ ಮಾರುವವರಿಗೇ ಕೂರಲು ಬರುವುದಿಲ್ಲ ಎಂಬ ಸುದ್ದಿ ಹಬ್ಬಿದರೆ ಅಂಗಡಿ ಮುಚ್ಚಬೇಕಾಗುತ್ತದೆಂದು, ಆ ವಾರ ಹತ್ತಿ ಖರೀದಿಗೆ ಹೈದರಾಬಾದಿಗೆ ಹೋಗಿರುವುದಾಗಿ ಊರಿಗೂ ಬೀಗರಿಗೂ ಹೇಳಲಾಗಿತ್ತು. ಸುಳ್ಳು ಹೇಳುವ ಪೈಕಿಯವರಲ್ಲ ಎಂದು ಮೇಲೆ ಬರೆದದ್ದನ್ನು ಅಷ್ಟರ ಮಟ್ಟಿಗೆ ತಿದ್ದಿ ಓದಿಕೊಳ್ಳುವುದು.

ಈ ಪುಟವನ್ನು ಹೋಟೆಲಿನಲ್ಲಿ ಅಂದೇ ಎಲ್ಲರೂ ನೋಡಿ, “ಯಾವ ಪುಣ್ಯಾತ್ಮಂದೋ ಮಾರಾಯಾ” ಎಂದು ಬಿದ್ದು ಬಿದ್ದು ನಕ್ಕಿದ್ದಾರೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಅರ್ಜಿದಾರರು. ಸದರಿ ಭಾಗವನ್ನು ಅವರು ಜನ್ಮದಲ್ಲಿ ಒಮ್ಮೆಯೂ ನೋಡಿರದ ಕಾರಣ ಗುರುತು ಹತ್ತಿಲ್ಲ.

12. “ಹರದು ಒಗೀರಿ ಕೊಟ್ರಬಸಪ್ಪನವ್ರ, ಈ ಅರ್ಜಿ ಬ್ಯಾಡ” ಎಂದು ಅರ್ಜಿದಾರರು ಕೈ ಮುಗಿದಿದ್ದಾರೆ. “ಇಷ್ಟು ಹಾಳಿ ಬರದೀನ್ರಿ ಸಾಬ್ರ, ಒಂದು ಚಿತ್ತಿಲ್ಲ ಕಾಟಿಲ್ಲ. ಹರಿಯಾಕ ನನ್ನ ಕೈ ಬರಂಗಿಲ್ಲ. ಏನು ಬೇಕೋ ಇದರ ಕೆಳಗ ಹೇಳ್ರಿ” ಎಂದು ಬರಹಗಾರರು ಖಡಾಖಂಡಿತವಾಗಿ ತಿಳಿಸಿದ್ದಾರೆ.

ಆಗ ಒಳಗಿನಿಂದ ಕಾಸೀಮಬೀ ಅವರು, “ಊರಿಗೆ ತಿಳೀಲಿಲ್ಲಂದ್ರ ಬಿಡ್ರಿ. ಬೀಗ್ರು ಬೇಕಾರ ಇನ್ನೊಂದು ಶಾಲು ಹೊದ್ದಕೊಳ್ಲಿ. ನನಗ ಆ ಫೋಟೋ ಪೂರ್ತಿ ಮುಖದ್ದು ಒಂದು ತರಿಸಿಕೊಡ್ರಿ, ಅಷ್ಟ ಸಾಕು” ಎಂದಿದ್ದಾರೆ. ಅರ್ಜಿದಾರರು ಪತ್ರಿಕೆಯನ್ನು ಮತ್ತೆ ಪುಟ 41ಕ್ಕೆ ತಿರುಗಿಸಿದ್ದಾರೆ. ತಾವು ಇಷ್ಟು ದಿನ ಮುಚ್ಚಿಟ್ಟುಕೊಂಡು ತಿರುಗಿದ ಕಣ್ಣನ್ನು ಒಬ್ಬರು ಮನೆಯಲ್ಲಿ ಆಸೆಯಿಂದ ನೋಡುತ್ತಿದ್ದರೆಂಬುದು ಅವರಿಗೆ ಈಗ ತಿಳಿದು, ಎರಡೂ ಕಣ್ಣು ಸಮವಾಗಿ ತುಂಬಿಬಂದಿವೆ.

ಕಾರಣ, ವಿಷಯದಲ್ಲಿ ಬರೆದದ್ದನ್ನು ಇಲ್ಲಿಂದ ಹಿಂದೆ ಪಡೆದು, ಕೆಳಗಿನಂತೆ ಪ್ರಾರ್ಥಿಸಿಕೊಳ್ಳಲಾಗಿದೆ:

ಅ) ಪುಟ 41ರ ಕಣ್ಣು ತಮ್ಮದೆಂದು ಉಮರಸಾಬರು ಸ್ವಇಚ್ಛೆಯಿಂದ ಸಾರ್ವಜನಿಕವಾಗಿ ಘೋಷಿಸಿ ಶಾಲನ್ನೂ ಸ್ವೀಕರಿಸಿರುವುದರಿಂದ, ಅದು ಅವರದೇ ಎಂದು ದಾಖಲಿಸಿಕೊಳ್ಳಬೇಕು. ಅರ್ಜಿದಾರರ ಆಕ್ಷೇಪಣೆ ಇರುವುದಿಲ್ಲ.

ಆ) ಒಬ್ಬ ರೋಗಿಗೆ ಒಂದೇ ಸಂಖ್ಯೆ ಎಂಬ ನಿಯಮದ ಮೇರೆಗೆ ಪುಟ 73 ಸಹ ಅವರ ಹೆಸರಿಗೇ ಜಮೆಯಾಗಬೇಕು. ಅವರ ಸ್ಟೇಟಸ್ಸಿನಲ್ಲಿ ಸಂಖ್ಯೆ 17 ಸ್ಪಷ್ಟವಾಗಿ ಓದಲು ಬರುತ್ತದೆ.

ಇ) ಪತ್ರಿಕೆಯ ಪ್ರತಿಗಳನ್ನು, ಪುಟ 73ರಲ್ಲಿ ಗುರುತಿಗೆ ಚೀಟಿ ಇಟ್ಟು, ಸನ್ಮಾನ ಮಾಡಿದ ಗಂಗಾವತಿಯ ಹಿರಿಯರಿಗೆ ಕಳಿಸಿಕೊಡಬೇಕು.

ಈ) ಕತ್ತರಿಸದ ಮೂಲ ಫೋಟೋದ ಒಂದು ಪ್ರತಿಯನ್ನು, ಗಡ್ಡ ಮತ್ತು ಜುಬ್ಬಾ ಸಮೇತ, ಶ್ರೀಮತಿ ಕಾಸೀಮಬೀ ಅವರ ಹೆಸರಿಗೆ ರಿಜಿಸ್ಟರ್ ಅಂಚೆಯಲ್ಲಿ ದಯಪಾಲಿಸಬೇಕು.

ಇಂತು, ಪುಟ 41ರ ಮಟ್ಟಿಗೆ ಮಾತ್ರ ತಮ್ಮ ವಿಶ್ವಾಸಿಯಾದ,
(ಸಹಿ) ಅಬ್ದುಲಸಾಬ ನದಾಫ
ಸ್ಥಳ: ಕುಷ್ಟಗಿ

ಲಗತ್ತುಗಳು:
1. ಸ್ಟೇಟಸ್ಸಿನ ಮುದ್ರಿತ ಪ್ರತಿ.
2. ಶಾಲು ಹೊದ್ದ ಉಮರಸಾಬರ ಭಾವಚಿತ್ರ (ಎರಡೂ ಕಣ್ಣು ಪೂರ್ತಿ ತೆರೆದಿವೆ).
3. ಗಂಗಾವತಿಯ ಹಿರಿಯರ ವಿಳಾಸಗಳು.
4. ಸ್ವವಿಳಾಸದ ಲಕೋಟೆ, ಅಂಚೆಚೀಟಿ ಸಹಿತ.

ವಿ.ಸೂ.: ಅಂಚೆಯವರು ತಂದದ್ದನ್ನು ಕಾಸೀಮಬೀ ಅವರು ಅಂಗಡಿಯ ಕಟ್ಟೆಯ ಮೇಲೆ ಗಿರಾಕಿಗಳ ಎದುರಿಗೇ ಒಡೆಯುವ ಸಂಭವವಿರುವುದರಿಂದ, ಲಕೋಟೆಗೆ ಹಾಕುವ ಮುನ್ನ ಅದು ಯಾವ ಪುಟದ ಚಿತ್ರವೆಂದು ದಯವಿಟ್ಟು ಎರಡು ಸಲ ಪರಿಶೀಲಿಸಬೇಕಾಗಿ ವಿನಂತಿ.