ಹೊಳೆದರೆ ಕೊಳೆ

ಲಾಡ್ಜಿನ ಯಜಮಾನ ಎಲ್ಲಿಂದಲೋ ಒಂದು ನೇರಳೆ ಬೆಳಕಿನ ಟಾರ್ಚು ಕೊಂಡು ತಂದ. ಕಣ್ಣಿಗೆ ಕಾಣದ ಕೊಳೆ ಇದರ ಬೆಳಕಿಗೆ ಹೊಳೆಯುತ್ತದೆ ಎಂದು ಅಂಗಡಿಯವನು ಹೇಳಿದ್ದ. ಬೇರೆ ಏನೇನು ಹೊಳೆಯುತ್ತದೆ ಎಂದು ಇವನು ಕೇಳಿರಲಿಲ್ಲ.

ರೂಮು ತೊಳೆಯುವವನಿಗೆ ಅಲ್ಲಿ ಎಲ್ಲರೂ ಇಟ್ಟ ಹೆಸರು ಸಾಬೂನು. ಸೇರಿದ ದಿನದಿಂದಲೂ ಟೆಂಪರರಿ. ಕೆಲಸ ಖಾಯಂ ಆಗದೆ ಮಗಳನ್ನು ಕೊಡುವುದಿಲ್ಲ ಎಂದು ಅವನ ಸೋದರಮಾವ ಕಡ್ಡಿ ಮುರಿದಂತೆ ಹೇಳಿದ್ದ. ಆ ಬೆಳಿಗ್ಗೆ ಯಜಮಾನ ಅವನನ್ನು ಮೂಲೆಯ ರೂಮಿಗೆ ಕರೆದು, ಕಿಟಕಿ ಮುಚ್ಚಿ, ಹಾಸಿಗೆಯ ಮೇಲೆ ಟಾರ್ಚಿನ ಬೆಳಕು ಬಿಟ್ಟ. ಆಗತಾನೆ ಒಗೆದು ಹಾಸಿದ್ದ ಬೆಡ್‌ಶೀಟು ನೀಲಿಯಾಗಿ ಹೊಳೆಯಿತು.

"ನೋಡಿದ್ಯಾ ಕೊಳೆ?"

"ಈಗ ಒಗೆದು ತಂದಿದ್ದು ಸಾರ್."

"ಒಗೆದಿದ್ದಾ ಇದು? ಸಂಜೆ ಬರ್ತೀನಿ. ಒಂದು ಚುಕ್ಕಿ ಹೊಳೀಬಾರ್ದು. ಹೊಳೀಲಿಲ್ಲ ಅಂದ್ರೆ ನೀನು ಪರ್ಮನೆಂಟು. ಹೊಳೀತೋ, ಮನೆಗೆ."

ಟಾರ್ಚನ್ನು ಅವನ ಕೈಗೇ ಕೊಟ್ಟು ಹೋದ.

ಕೌಂಟರಿನ ಗುಮಾಸ್ತ ಕೇಳದೆಯೇ ಸಲಹೆ ಕೊಟ್ಟ. "ಸೋಪಿನ ಪುಡಿ ಕಮ್ಮಿ ಆಗಿದೆ ಕಣೋ. ಬಕೆಟ್ಟಿಗೆ ನಾಲ್ಕು ಹಿಡಿ ಹಾಕು."

ಹಾಕಿದ. ಒಗೆದು, ಒಣಗಿಸಿ, ಹಾಸಿ ನೋಡಿದರೆ ಬೆಡ್‌ಶೀಟು ಚಂದ್ರನನ್ನು ಹಿಂಡಿ ಹಾಸಿದ ಹಾಗೆ ಬೆಳಗುತ್ತಿತ್ತು.

"ಅರಿಶಿನ ಹಾಕಿ ಉಜ್ಜಬೇಕಪ್ಪಾ," ಎಂದಳು ಅಡುಗೆಯಾಕೆ. ಉಜ್ಜಿ ಬೆಳಕು ಬಿಟ್ಟರೆ ಬಾತ್‌ರೂಮು ಹಳದಿ ಹಸಿರಾಗಿ ಉರಿದು ದೆವ್ವಗಳ ಮದುವೆಮನೆಯಂತಾಯಿತು. ಗುಮಾಸ್ತ ಒಡೆದ ತುಟಿಗೆ ಹಚ್ಚುವ ಮುಲಾಮು ತಂದು ನಲ್ಲಿಗೆ ಪಾಲಿಶ್ ಮಾಡಿಸಿದ. ನಲ್ಲಿಯೂ ಹೊಳೆಯಿತು.

"ನಿನ್ನ ಕೈಗುಣಾನೇ ಸರಿ ಇಲ್ಲ ಬಿಡು," ಎಂದ ಗುಮಾಸ್ತ.

ಸಾಬೂನು ಬಾಗಿಲಲ್ಲಿ ಕುಸಿದು ಕುಳಿತ. ಟಾರ್ಚಿನ ಬೆಳಕು ಕಾಲೊರಸಿನ ಮೇಲೆ ಬಿತ್ತು. ಊರಿನ ಮಣ್ಣೆಲ್ಲ ಕುಡಿದ ಕಾಲೊರಸು, ನೀರು ಕಂಡು ಎಷ್ಟು ಕಾಲವಾಗಿತ್ತೋ. ಅದು ಹೊಳೆಯಲಿಲ್ಲ. ಒಲೆಯ ಹಿಂದಿನ ಮಸಿಗೆ ಬಿಟ್ಟು ನೋಡಿದ. ಹೊಳೆಯಲಿಲ್ಲ.

ಅವನು ಎದ್ದು ಅಂಗಿಯ ತೋಳು ಮಡಚಿದ.

ಸಂಜೆಯ ಹೊತ್ತಿಗೆ ಮಂಚದ ಮೇಲೆ ಸ್ಟೋರಿನ ಹಳೆಯ ಬೂದು ಕಂಬಳಿ ಇತ್ತು. ಗೋಡೆ, ನೆಲ, ನಲ್ಲಿಗಳಿಗೆ ಕೆಸರು ಮಸಿ ಬೆರೆಸಿ ಬಳಿದಾಗಿತ್ತು. ಯಜಮಾನ ಬರುವ ಮೊದಲೇ ಸಾಬೂನು ಕಿಟಕಿ ಮುಚ್ಚಿ ದೀಪ ಆರಿಸಿದ. ಗುಮಾಸ್ತ, ಅಡುಗೆಯಾಕೆ ಇಬ್ಬರೂ ನೋಡಲು ಬಂದು ನಿಂತರು.

ಯಜಮಾನ ಟಾರ್ಚು ಇಸಿದುಕೊಂಡು ಮೂಲೆಮೂಲೆಗೂ ಹಾಯಿಸಿದ. ಎಲ್ಲೆಲ್ಲೂ ಕಗ್ಗತ್ತಲು.

"ಶಭಾಷ್. ಕ್ಲೀನ್ ಅಂದ್ರೆ ಇದು." ಮೂಗು ಅರಳಿಸಿದ. "ಏನೋ ಇದು ವಾಸನೆ?"

"ಕ್ಲೀನ್ ಆಗಿರೋ ವಾಸನೆ ಸಾರ್."

"ಅದಕ್ಕೇ ಗೊತ್ತಾಗ್ಲಿಲ್ಲ. ಬಾ ಇಲ್ಲಿ, ನಾಳೆಯಿಂದ ನೀನು..."

ಬೆನ್ನು ತಟ್ಟಲೆಂದು ಟಾರ್ಚು ಅವನ ಕಡೆ ತಿರುಗಿಸಿದ. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಅಂಗಿಯೊಂದು ತಾನಾಗಿಯೇ ನಿಂತಿತ್ತು. ಅದರ ತೋಳುಗಳಿಂದ ಹಸಿರು ಹಸಿರಾಗಿ ಎರಡು ಮೊಣಕೈ. ಮೇಲೆ, ಗಾಳಿಯಲ್ಲಿ, ಒಂದು ಸಾಲು ಹಲ್ಲು ಸಂತೋಷದಿಂದ ನಗುತ್ತಿತ್ತು.

ಯಜಮಾನ ಹಿಂದಕ್ಕೆ ಸರಿದ.

"ಓಹೋ. ನನ್ನ ರೂಮುಗಳಿಗೆ ಕೊಳೆ ಬರ್ತಿದ್ದದ್ದು ಇವನಿಂದ. ನಡಿ ಆಚೆ."

"ಸಾರ್, ಇದು ಸೋಪಿನ ಪುಡಿ ಸಾರ್..."

"ಬಾಯಿ ತೆರೀಬೇಡ. ಹಲ್ಲೂ ಹೊಳೀತಿದೆ."

ಹಾಗೆನ್ನುತ್ತ ಕೈ ಬೀಸಿದಾಗ ಟಾರ್ಚಿನ ಬೆಳಕಿಗೆ ಯಜಮಾನನ ಹಲ್ಲುಗಳೂ ಮಿರಮಿರ ಮಿನುಗಿದವು. ಗುಮಾಸ್ತ ನೋಡಿದ. ಅಡುಗೆಯಾಕೆಯೂ ನೋಡಿದಳು. ಇಬ್ಬರೂ ತಮ್ಮ ತಮ್ಮ ತುಟಿ ಬಿಗಿಯಾಗಿ ಮುಚ್ಚಿಕೊಂಡರು.