ಗಂಟೆ ಬಾರಿಸುವ ಅಧಿಕಾರ

ಜೋಡಿನಗರ ನೀರು ವಿತರಣಾ ಮಂಡಳಿಯ ಗಣಕಯಂತ್ರದ ಎರಡು ಪ್ರೊಸೆಸರ್‌ಗಳ ಪೈಕಿ ಒಂದು ಪೂರ್ವಾಹ್ನದಲ್ಲಿಯೂ ಮತ್ತೊಂದು ಅಪರಾಹ್ನದಲ್ಲಿಯೂ ಸೇವೆಗೆ ಹಾಜರಾದವು. ಎರಡನೆಯದನ್ನು ತರುತ್ತಿದ್ದ ಲಾರಿ ದಾರಿಯಲ್ಲಿ ಬಾತಿ ಊರಿನ ಹತ್ತಿರ ಪಂಕ್ಚರ್ ಆಗಿತ್ತು. ಆ ಅರ್ಧ ದಿನದ ಅಂತರದಿಂದ ಮೊದಲನೆಯದು ಸೇವೆಯಲ್ಲಿ ಹಿರಿಯದೂ ಎರಡನೆಯದು ಕಿರಿಯದೂ ಆದವು. ವಿದ್ಯಾನಗರಕ್ಕೆ ನೀರು ಏಕೆ ಬರುವುದಿಲ್ಲವೆಂದು ಕೇಳುವವರು ಮೊದಲು ಇದನ್ನು ಮನಗಾಣತಕ್ಕದ್ದು.

೧೯೮೬ರ ಮಾತು. ಮೊದಲು ಬಂದ ಪ್ರೊಸೆಸರ್‌ನ ಕೆಲಸ ವಿದ್ಯಾನಗರದ ವಾಲ್ವ್ ತೆರೆಯುವುದು. ತಡವಾಗಿ ಬಂದದ್ದರ ಕೆಲಸ ಹರಿಹರದಲ್ಲಿ ಹೊಳೆಯ ಮಟ್ಟ ನೋಡಿಕೊಂಡು, ‘ನೀರಿದೆ, ತೆರೆ’ ಎಂದು ಮೊದಲಿನದಕ್ಕೆ ತಿಳಿಸುವುದು. ಇವೆರಡೂ ಪರಸ್ಪರ ಹೇಗೆ ಮಾತಾಡಬೇಕೆಂದು ಗೊತ್ತುಮಾಡುವ ಒಳಗಿನ ಪ್ರೋಗ್ರಾಮಿಗೆ ಕರ್ನೆಲ್ ಎಂದು ಹೆಸರು. ಅದನ್ನು ಬರೆದವನು ಹಿದಾಯತ್. ಪಾಪ, ಇನ್ನೂ ಪ್ರೊಬೇಷನ್ನಿನಲ್ಲಿದ್ದ. ಅಧ್ಯಕ್ಷರ ಮುಂದೆ ಯಂತ್ರ ಪಾಸಾದರೆ ನೌಕರಿ ಖಾಯಂ, ಇಲ್ಲದಿದ್ದರೆ ಮನೆಯ ದಾರಿ. ಮನೆಯಲ್ಲೋ, ನಲ್ಲಿಯಲ್ಲಿ ನೀರು ಬರಿಸಿಯೇ ಬರಿಸುತ್ತೇನೆಂದು ತಾಯಿ ಖತೀಜಾಬೀಗೆ ಮಾತು ಕೊಟ್ಟಾಗಿತ್ತು.

ಅವನ ಏರ್ಪಾಡು ಸರಳವಾಗಿತ್ತು. ಯಂತ್ರದ ನೆನಪಿನಲ್ಲಿ ಇಬ್ಬರಿಗೂ ಸೇರಿದ ಒಂದು ಪೆಟ್ಟಿಗೆ. ಹೇಳುವುದಿದ್ದವರು ಸಂದೇಶವನ್ನು ಅದರಲ್ಲಿ ಹಾಕಿ ಗಂಟೆ ಬಾರಿಸಬೇಕು. ಗಂಟೆ ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಓದಬೇಕು. ಆಡಳಿತಾಧಿಕಾರಿ ವಾಮದೇವಪ್ಪನವರು ಇದನ್ನು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಏನ್ರಿ ಹಿದಾಯತ್, ಅಪರಾಹ್ನ ಜಾಯಿನ್ ಆಗಿದ್ದು ಪೂರ್ವಾಹ್ನದ್ದಕ್ಕೆ ಬೆಲ್ ಹೊಡೀತೈತೇನ್ರಿ?”

“ಹೊಳೆ ಸುದ್ದಿ ಅದಕ್ಕೇ ಗೊತ್ತಿರೋದು ಸಾರ್.”

“ಸುದ್ದಿ ಎಲ್ಲಾ ಜವಾನರಿಗೂ ಗೊತ್ತಿರ್ತೈತೆ. ಹಂಗಂತ ಅವ್ರು ಹೊರಗ ಕುಂತು ಬೆಲ್ ಹೊಡೆದು ನನ್ನ ಕರೀತಾರೇನು?”

“ಬ್ಯಾಡ ಬಿಡ್ರಿ. ದೊಡ್ಡದೇ ಆಗಾಗ ಹೋಗಿ ಪೆಟ್ಟಿಗೆ ನೋಡ್ಲಿ ಅಂತ ಬರೀತೀನಿ.”

ವಾಮದೇವಪ್ಪನವರಿಗೆ ನಿಜವಾಗಿಯೂ ನೋವಾಯಿತು. “ಹಿರಿಯರು ಕುರ್ಚಿ ಬಿಟ್ಟೆದ್ದು ಟಪಾಲು ಪೆಟ್ಟಿಗೆ ಇಣುಕೋದಾ? ಕಚೇರಿ ಮಾನ ಏನಾಗ್ಬೇಕ್ರಿ?”

ಸಂಜೆಯೊಳಗೆ ಸುತ್ತೋಲೆ ಬಂತು: ‘ಗಂಟೆ ಬಾರಿಸುವ ಅಧಿಕಾರವು ಹಿರಿಯ ಪ್ರೊಸೆಸರ್‌ಗೆ ಮಾತ್ರ ಇರತಕ್ಕದ್ದು. ಕಿರಿಯ ಪ್ರೊಸೆಸರ್ ಸಂದೇಶವನ್ನು ಪೆಟ್ಟಿಗೆಗೆ ಸಲ್ಲಿಸಿ ವಿನಯದಿಂದ ಕಾಯತಕ್ಕದ್ದು. ಸಂದೇಶ ಬಂದಿರುವುದು ತಿಳಿದ ಕೂಡಲೇ ಹಿರಿಯ ಪ್ರೊಸೆಸರ್ ಗಂಟೆ ಬಾರಿಸಿ ಅದನ್ನು ತರಿಸಿಕೊಳ್ಳತಕ್ಕದ್ದು.’

“ಬಂದಿದ್ದು ಅದಕ್ಕೆ ತಿಳಿಯೋದು ಹೆಂಗೆ ಸಾರ್?” ಎಂದ ಹಿದಾಯತ್.

“ಬೆಲ್ ಹೊಡೆದು ತರಿಸಿಕೊಂಡ್ರೆ ತಿಳೀತೈತೆ.”

ಹಿದಾಯತನಿಗೆ ಸಿಟ್ಟು ಬಂತು, ಆಮೇಲೆ ಪ್ರೊಬೇಷನ್ ನೆನಪಾಯಿತು. ಸುತ್ತೋಲೆಯಲ್ಲಿದ್ದಂತೆಯೇ ಕರ್ನೆಲನ್ನು ತಿದ್ದಿ ಬರೆದ.

ಅಧ್ಯಕ್ಷ ತೋಟಪ್ಪನವರು ಮಲೆಬೆನ್ನೂರಿನ ತಮ್ಮ ಅಕ್ಕಿ ಗಿರಣಿಯಿಂದ ನೇರವಾಗಿ ಯಂತ್ರ ನೋಡಲು ಬಂದರು. ಅಂದು ಹೊಳೆ ದಂಡೆ ಮುಟ್ಟಿ ಹರಿಯುತ್ತಿತ್ತು. ಕಿರಿಯ ಪ್ರೊಸೆಸರ್ ‘ನೀರಿದೆ, ತೆರೆ’ ಎಂಬ ಸಂದೇಶವನ್ನು ಪೆಟ್ಟಿಗೆಯಲ್ಲಿಟ್ಟು ಕಾಯತೊಡಗಿತು. ಹಿರಿಯದು ಸಂದೇಶ ಬರಲೆಂದು ಕಾಯತೊಡಗಿತು. ಎರಡೂ ಪರದೆಗಳ ಮೇಲೆ ಕಾಯುತ್ತಿದ್ದೇನೆ ಎನ್ನುವ ಒಂದೇ ಇಂಗ್ಲಿಷ್ ಪದ ಮಿನುಗುತ್ತಿತ್ತು. ಅಧ್ಯಕ್ಷರು ಚಹಾ ಕುಡಿದರು, ಮಂಡಕ್ಕಿ ತಿಂದರು, ಇನ್ನೊಂದು ಚಹಾ ಕುಡಿದರು. ಹಿದಾಯತ್ ಬೆವರುತ್ತ ಗೋಡೆಗೆ ಒರಗಿ ನಿಂತಿದ್ದ. ಅವನ ಮಟ್ಟಿಗೆ ನೌಕರಿ ಮುಗಿದಿತ್ತು.

“ಕೆಟ್ಟೈತೇನ್ರಿ ಇದು?” ಎಂದರು ಅಧ್ಯಕ್ಷರು.

“ಇಲ್ರಿ ಸಾಹೇಬ್ರ, ಶಿಸ್ತು. ಒಂದರ ಮಾತಿನಾಗೆ ಇನ್ನೊಂದು ಬಾಯಿ ಹಾಕಂಗಿಲ್ಲ,” ಎಂದರು ವಾಮದೇವಪ್ಪನವರು.

ತೋಟಪ್ಪನವರ ಕಣ್ಣು ತುಂಬಿ ಬಂತು. “ನಮ್ಮನೇಲಿ ಅಣ್ಣತಮ್ಮಂದಿರು ಹಿಂಗಿದ್ದಿದ್ರೆ ಗಿರಣಿ ಯಾಕ ಪಾಲಾಗ್ತಿತ್ತು!” ಎಂದು ಹೇಳಿ, ಹಿದಾಯತನ ಬೆನ್ನು ತಟ್ಟಿ, ಅಲ್ಲಿಯೇ ಅವನನ್ನು ಖಾಯಂ ಮಾಡಿದರು.

ಮರುದಿನ ವಿದ್ಯಾನಗರದ ಹೆಂಗಸರು ಖಾಲಿ ಕೊಡ ಹೊತ್ತು ಕಚೇರಿಗೆ ಬಂದರು. ಮುಂದಾಳು ಗುರುಶಾಂತಮ್ಮ, ಶಾಲೆಯ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. “ಹೊಳೆ ತುಂಬೈತೆ, ನಲ್ಲಿ ಯಾಕ ಒಣಗೈತೆ?” ಎಂದು ಗದರಿದರು. ವಾಮದೇವಪ್ಪನವರು ಕೂಡ್ರಿಸಿ, ಬಾತಿಯ ಪಂಕ್ಚರಿನಿಂದ ಹಿಡಿದು ಎಲ್ಲವನ್ನೂ ವಿವರಿಸಿದರು. ಗುರುಶಾಂತಮ್ಮನವರ ಮುಖ ತಣ್ಣಗಾಯಿತು.

“ಅಪರಾಹ್ನ ಜಾಯಿನ್ ಆಗಿದ್ದೇನ್ರಿ ಅದು? ಮೊದ್ಲೇ ಹೇಳಬಾರದಾ! ನಡೀರೇ, ಅದರದ್ದೇನೂ ತಪ್ಪಿಲ್ಲ,” ಎಂದು ಎಲ್ಲರನ್ನೂ ಕರೆದುಕೊಂಡು ಹೋದರು.

ಹಿದಾಯತ್ ಖಾಯಂ ಆದೇಶವನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದ. ಖತೀಜಾಬೀ ನಲ್ಲಿಯ ಕೆಳಗೆ ಕೊಡ ಇಟ್ಟುಕೊಂಡು ಕೂತಿದ್ದಳು. ಆ ಕೊಡ ನೋಡಿ ಅವನಿಗೆ ನಾಚಿಕೆಯಾಯಿತು. ನೌಕರಿ ಉಳಿದಿತ್ತು, ಮಾತು ಉಳಿದಿರಲಿಲ್ಲ.

“ಅಮ್ಮಾ, ಚಿಕ್ಕ ಮಷೀನಿಗೆ ಬಡ್ತಿ ಸಿಕ್ಕರೆ ಬೆಲ್ ಹೊಡೆಯೋ ಅಧಿಕಾರ ಬರ್ತೈತೆ. ಆವಾಗ ನೀರೂ ಬರ್ತೈತೆ.”

“ಯಾವಾಗ ಸಿಗ್ತೈತೆ ಬೇಟಾ?”

“ಐದು ವರ್ಷ ಸರ್ವಿಸ್ ಆಗ್ಬೇಕು. ಆಮೇಲೆ ಜಾಗ ಖಾಲಿ ಇರಬೇಕು.”

“ಐದೇ ವರ್ಷನಾ?” ಖತೀಜಾಬೀಯ ಮುಖ ಅರಳಿತು. “ನಿಮ್ಮ ಅಬ್ಬಾಗೆ ಮಿಲ್ಲಿನಾಗೆ ಬಡ್ತಿ ಸಿಕ್ಕು ಜಾಬರ್ ಮೇಸ್ತ್ರಿ ಆಗಾಕ ಹದಿನಾರು ವರ್ಷ ಹಿಡೀತು. ನಿನ್ನ ಮಷೀನು ಪುಣ್ಯ ಮಾಡೈತೆ ಬಿಡು.”

ಹಾಗೆಂದು ಅವಳು ಎದ್ದು, ಕೊಡವನ್ನು ನಲ್ಲಿಯ ಕೆಳಗೇ ಬಿಟ್ಟು, ಐದು ವರ್ಷ ಧೂಳು ಬೀಳದಿರಲೆಂದು ಅದರ ಬಾಯಿಗೆ ಒಂದು ತಟ್ಟೆ ಮುಚ್ಚಿದಳು.