ಟೇಪು ಹಿಡಿದು ಡಿಫೆನ್ಸ್ ಅಳೆದದ್ದು

“ರೇಣುಕಾ, ಒಳಗೆ ಹೋಗ್ಬೇಡ! ಹೊರಗೇ ನಿಂತ್ಕೋ!”

ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ನನ್ನ ಹೆಂಡತಿ ರೇಣುಕಾ ಹೊರಗೇ ನಿಂತಳು. ಹೊಸಹಳ್ಳಿ ಟೀಮಿನ ಗಿಡ್ಡ ಹುಡುಗಿಯೊಬ್ಬಳು ಬಾಲ್ ಬಡಿಯುತ್ತಾ ಅವಳ ಪಕ್ಕದಲ್ಲೇ ಹಾದು ನೇರವಾಗಿ ರಿಂಗಿನ ಕೆಳಗೆ ಹೋದಳು. ಅಲ್ಲಿ ಯಾರೂ ಇರಲಿಲ್ಲ. ಹುಡುಗಿಗೇ ಅನುಮಾನ ಬಂತು. ತಿರುಗಿ ನೋಡಿ ಕೇಳಿದಳು.

“ಅಕ್ಕಾ, ನೀವು ಬರಲ್ವಾ?”

“ಇಲ್ಲವಾ, ನೀ ಹಾಕ್ಕೋ. ನಮ್ಮ ಮನಿಯವರು ಬ್ಯಾಡ ಅಂದಾರ,” ಅಂದಳು ರೇಣುಕಾ.

ಹುಡುಗಿ ಹುಂಡಿಗೆ ಕಾಸು ಹಾಕಿದ ಹಾಗೆ ಬಾಲನ್ನು ರಿಂಗಿಗೆ ಹಾಕಿ, ಹಣೆ ಮುಟ್ಟಿಕೊಂಡು ವಾಪಸ್ ಹೋದಳು.

ಹೀಗಾಗುವ ಹಾಗೇ ಇರಲಿಲ್ಲ! ರಿಂಗಿನ ಹತ್ತಿರದಿಂದ ನಮ್ಮ ಟೀಮಿನ ಮೇಲೆ ಯಾರೂ ಬಾಲ್ ಹಾಕುವುದೇ ಇಲ್ಲ. ಅದನ್ನು ನಾನೇ ಟೇಪು ಹಿಡಿದು ಅಳೆದು, ಸಾಬೀತು ಮಾಡಿ, ಕೋಚ್ ಕೈಯಲ್ಲಿ ಭೇಷ್ ಅನ್ನಿಸಿಕೊಂಡಿದ್ದೆ.

ನಾನು ಮಂಜ. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಟೈಲ್ಸ್ ಹಾಕುವ ಕೆಲಸ. ಹೇರೋಹಳ್ಳಿಯಲ್ಲಿ ಮನೆ. ಮನೆ ಮುಂದಿನ ರಸ್ತೆ ಹೇಗಾದರೂ ಇರಲಿ, ನಾನು ಹಾಕಿದ ನೆಲದ ಮೇಲೆ ಗೋಲಿ ಬಿಟ್ಟರೆ ಬಿಟ್ಟ ಜಾಗದಲ್ಲೇ ನಿಲ್ಲುತ್ತದೆ. ಅಳತೆ ವಿಷಯದಲ್ಲಿ ನನ್ನ ಕಡೆ ಯಾರೂ ಬೆರಳು ತೋರಿಸುವ ಹಾಗಿಲ್ಲ. ಇಲ್ಲಿಯವರೆಗೆ ತೋರಿಸಿರಲಿಲ್ಲ.

ರೇಣುಕಾ ಗದಗ ಕಡೆಯವಳು. ಸ್ಪೋರ್ಟ್ಸ್ ಹಾಸ್ಟೆಲಿನಲ್ಲಿ ಇದ್ದು ಬ್ಯಾಸ್ಕೆಟ್‌ಬಾಲ್ ಕಲಿತವಳು. ನನಗಿಂತ ಎತ್ತರ. ಮದುವೆ ಫೋಟೋದಲ್ಲಿ ನಾನು ಮೆಟ್ಟಿಲ ಮೇಲೆ ನಿಂತಿದ್ದೇನೆ. ಇಲ್ಲಿಗೆ ಬಂದ ಮೇಲೆ ಸುಂಕದಕಟ್ಟೆಯ ಹೆಂಗಸರ ಟೀಮ್ ಸೇರಿದಳು. ರಿಂಗಿನ ಕೆಳಗೆ ಕೈ ಎತ್ತಿ ನಿಂತಳೆಂದರೆ ಎದುರು ಟೀಮಿನವರಿಗೆ ರಿಂಗೇ ಕಾಣುವುದಿಲ್ಲ.

ಈ ಸಲ ಟೀಮ್ ಫೈನಲ್‌ಗೆ ಬಂತು. ಆಗಲೇ ಬಸವೇಶ್ವರನಗರದ ಒಂದು ಸ್ಕೂಲಿನ ಹೆಡ್ ಮೇಡಂ ಹೇಳಿ ಕಳಿಸಿದರು. ಅವರ ಸ್ಕೂಲಿಗೆ ಮಕ್ಕಳಿಗೆ ಆಟ ಹೇಳಿಕೊಡುವವರು ಬೇಕು. ಫೈನಲ್ ನೋಡಲು ಬರುತ್ತಾರೆ. ರೇಣುಕಾಳ ಆಟ ಒಪ್ಪಿಗೆಯಾದರೆ ಕೆಲಸ ಅವಳಿಗೆ. ಅಲ್ಲಿಯವರೆಗೆ ಅವಳು ಅಂಗಡಿಯಲ್ಲಿ ಬಟ್ಟೆ ಮಡಚುತ್ತಿದ್ದಳು. “ಮಡಚಿ ಮಡಚಿ ನನ್ನ ಕೈ ಬಾಲ್ ಹಿಡಿಯೋದು ಮರೀತಾವು,” ಅನ್ನುತ್ತಿದ್ದಳು. ಮೇಡಂ ಬರುವ ಸುದ್ದಿ ತಿಳಿದ ದಿನ ಒಗ್ಗರಣೆಗೆ ಸಾಸಿವೆ ಬದಲು ಟೀ ಪುಡಿ ಹಾಕಿದಳು. ಅಷ್ಟು ಆಸೆ.

ನಾನು ಅವಳಿಗೆ ಸಹಾಯ ಮಾಡಬೇಕು ಅಂದುಕೊಂಡೆ. ಸುಮ್ಮನಿದ್ದಿದ್ದರೆ ಅದೇ ದೊಡ್ಡ ಸಹಾಯ ಆಗುತ್ತಿತ್ತು!

ಟೀಮಿನ ಕೋಚ್ ಮೂರ್ತಿ ಸಾರ್. ರಿಟೈರ್ ಆದ ಗುಮಾಸ್ತರು. ಮೊಬೈಲಿನಲ್ಲಿ ಏನೋ ನೋಡಿ ತಲೆ ತುಂಬಿಸಿಕೊಂಡು ಬಂದಿದ್ದರು.

“ಮಂಜ, ಫಾರಿನ್‌ನಲ್ಲಿ ಸುಮ್ನೆ ಆಡಲ್ಲ ಕಣೋ. ಎದುರಾಳಿ ಎಷ್ಟು ದೂರದಿಂದ ಬಾಲ್ ಹಾಕ್ತಾನೆ ಅಂತ ಅಳೀತಾರೆ. ಹತ್ತಿರದಿಂದ ಎಷ್ಟು ಬಿತ್ತು, ಮಧ್ಯದಿಂದ ಎಷ್ಟು, ದೂರದಿಂದ ಎಷ್ಟು. ಎಲ್ಲಿಂದ ಜಾಸ್ತಿ ಬೀಳುತ್ತೋ ಅಲ್ಲಿ ನಮ್ಮ ಡಿಫೆನ್ಸ್ ವೀಕು. ಅಲ್ಲಿ ಜನ ನಿಲ್ಲಿಸಬೇಕು. ನಮ್ಮಲ್ಲಿ ಅಳೆಯೋರು ಯಾರಪ್ಪಾ ಇದಾರೆ?”

“ಸಾರ್, ನಾನಿದೀನಲ್ಲ!” ಅಂದೆ.

ಸದರಿ ಜವಾಬ್ದಾರಿಯನ್ನು ನಾನು ಬಹಳ ಶ್ರದ್ಧೆಯಿಂದ ವಹಿಸಿಕೊಂಡೆ. ಪ್ರಾಕ್ಟೀಸ್ ಮ್ಯಾಚ್ ನಡೆಯುವಾಗ ಸೀಮೆಸುಣ್ಣ ಹಿಡಿದು ಕೋರ್ಟಿನ ಗೆರೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತೆ. ಎದುರು ಟೀಮಿನವರು ಬಾಲ್ ಹಾಕಿ ಅದು ರಿಂಗಿಗೆ ಬಿದ್ದರೆ, ಓಡಿ ಹೋಗಿ ಅವರು ನಿಂತಿದ್ದ ಜಾಗಕ್ಕೆ ಒಂದು ಚುಕ್ಕೆ ಇಡುವುದು. ಎರಡು ಸಲ ತುಳಿಸಿಕೊಂಡೆ. ಒಂದು ಸಲ ಬಾಲ್ ಮೂತಿಗೆ ಬಡಿಯಿತು. ಬಿಡಲಿಲ್ಲ. ಸಂಜೆ ಹೊತ್ತಿಗೆ ಕೋರ್ಟ್ ಸಂಕ್ರಾಂತಿ ರಂಗೋಲಿಯ ಹಾಗೆ ಕಾಣುತ್ತಿತ್ತು.

ಎಲ್ಲರೂ ಹೋದ ಮೇಲೆ ಅಳತೆ ಶುರು ಮಾಡಿದೆ. ಕಂಬದ ಬುಡದಲ್ಲಿ ಯಾರೋ ಮರೆತುಹೋಗಿದ್ದ ಚಪ್ಪಲಿ ಬಿದ್ದಿದ್ದವು. ಪಕ್ಕಕ್ಕೆ ಸರಿಸಿದೆ. ಟೇಪಿನ ತುದಿಯಲ್ಲಿ ಒಂದು ಕೊಕ್ಕೆ ಇರುತ್ತದೆ. ಅದನ್ನು ಕಂಬಕ್ಕೆ ಸಿಕ್ಕಿಸಿದೆ. ಸಿಕ್ಕಿಸಿದರೆ ಇನ್ನೊಬ್ಬರು ಹಿಡಿಯಬೇಕಾಗಿಲ್ಲ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದರು: “ಲೋ, ಅಳತೆ ಯಾವತ್ತೂ ಗೋಡೆಯಿಂದ ಶುರು ಮಾಡು. ಮಧ್ಯದಿಂದ ಶುರು ಮಾಡಿದವನು ಮಧ್ಯದಲ್ಲೇ ಕೆಡ್ತಾನೆ.” ಕೋರ್ಟಿನಲ್ಲಿ ಗೋಡೆ ಇಲ್ಲ. ಕಂಬ ಇದೆ. ಕಂಬದಿಂದ ಶುರು ಮಾಡಿದೆ.

ಕಂಬದಿಂದ ಒಂದು ಆಳುದ್ದದ ಒಳಗಿದ್ದರೆ ಹತ್ತಿರ. ಮೂರು ಆಳುದ್ದದವರೆಗೆ ಮಧ್ಯ. ಅದಕ್ಕೂ ಆಚೆ ದೂರ. ಒಂದೊಂದು ಚುಕ್ಕೆಗೂ ಟೇಪು ಎಳೆದೆ.

ಫಲಿತಾಂಶ ನೋಡಿ ನನಗೇ ಶಾಕ್! ದೂರದಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಮಧ್ಯದಲ್ಲಿ ಜಾತ್ರೆ. ಹತ್ತಿರದಲ್ಲಿ? ಒಂದೂ ಇಲ್ಲ! ಸೊನ್ನೆ!

ಮೂರ್ತಿ ಸಾರ್‌ಗೆ ಫೋನ್ ಮಾಡಿದೆ. ಅವರು ಪಂಚೆಯಲ್ಲೇ ಓಡಿ ಬಂದು, ನೆಲ ನೋಡಿ, ಮೂಗಿನ ಮೇಲೆ ಬೆರಳಿಟ್ಟರು.

“ಹತ್ತಿರದಿಂದ ಒಂದೂ ಬಿದ್ದಿಲ್ವಾ? ಅಂದ್ರೆ ಅಲ್ಲಿ ರೇಣುಕಾನ ಸುಮ್ನೆ ವೇಸ್ಟ್ ಮಾಡ್ತಾ ಇದೀವಲ್ಲೋ! ಅವಳನ್ನ ಮಧ್ಯದ ಕೊನೇ ಗೆರೆಗೆ ಹಾಕೋಣ. ಎಲ್ಲಾ ಅಲ್ಲೇ ತಡೀಲಿ. ಮಂಜ, ನೀನು ಓದಿದ್ರೆ ವಿಜ್ಞಾನಿ ಆಗ್ತಿದ್ದೆ ಕಣೋ.”

ಆ ಮಾತು ಕೇಳಿ ಮನೆಗೆ ಬಂದವನಿಗೆ ಅನ್ನ ಬೇಕಾಗಲಿಲ್ಲ.

ರೇಣುಕಾಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಅಲ್ರೀ, ಹತ್ರದಿಂದ ಯಾರೂ ಹಾಕಿಲ್ಲ ಅಂದ್ರ ಅಲ್ಲಿ ನಾ ಅದೀನಿ ಅಂತ. ಕೀಲಿ ಹಾಕಿದ ಮನ್ಯಾಗ ಕಳುವಾಗಿಲ್ಲ ಅಂತ ಕೀಲಿ ತಗದು ಬಿಸಾಡ್ತೀರೇನು?”

“ಅಳತೆ ಸುಳ್ಳು ಹೇಳಲ್ಲ ಕಣೇ.”

“ಆತು. ಆದ್ರ ಒಂದೂ ಇಲ್ಲ ಅಂತೀರಲ್ಲ, ನನ್ನ ತಲಿ ಮ್ಯಾಲಿಂದ ಒಂದಿಷ್ಟು ಬಿದ್ದಾವು. ನಾನೇ ನೋಡೀನಿ. ಅವೆಲ್ಲಿ ಹೋದ್ವು?”

“ಅವು ಮಧ್ಯದಲ್ಲಿವೆ.”

“ನಾ ಮಧ್ಯದಾಗ ನಿಂತೇ ಇಲ್ಲಲ್ರೀ!”

“ಆಟ ಆಡೋವಾಗ ಎಲ್ಲಿ ನಿಂತಿದೀವಿ ಅಂತ ಗೊತ್ತಾಗಲ್ಲ ಕಣೇ. ಹೊರಗಿಂದ ನೋಡೋರಿಗೇ ಗೊತ್ತಾಗೋದು.”

ಅವಳು ನನ್ನನ್ನು ಒಂದು ಸಲ ನೋಡಿ ಮತ್ತೆ ರೊಟ್ಟಿ ಬಡಿದಳು. ಆ ಏಟು ನನ್ನ ಬೆನ್ನಿಗೆ ಬಿದ್ದ ಹಾಗಿತ್ತು. ಕೊನೆಗೆ “ಕೋಚ್ ಹೇಳಿದ ಮ್ಯಾಲ ಕೇಳಬೇಕು. ಹಾಸ್ಟೆಲಿನ್ಯಾಗ ಹಂಗ ಕಲಿಸ್ಯಾರ. ಆದ್ರ ಈ ಕೆಲಸ ಹೋತಂದ್ರ ನಿಮ್ಮನ್ನ ಬಿಡಂಗಿಲ್ಲ,” ಅಂದಳು.

ಹೀಗೆ ಫೈನಲ್ ಬಂತು.

ನಾನು ಇಸ್ತ್ರಿ ಶರ್ಟ್ ಹಾಕಿಕೊಂಡು, ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಂದಿನ ಸಾಲಿನಲ್ಲಿ ಕೂತೆ. ಸರಿಯಾಗಿ ನನ್ನ ಹಿಂದಿನ ಕುರ್ಚಿಗೆ ಹೆಡ್ ಮೇಡಂ ಬಂದು ಕೂತರು. ಮೂರ್ತಿ ಸಾರ್ ನಮಸ್ಕಾರ ಹೊಡೆದದ್ದು ನೋಡಿ ಇವರೇ ಅಂತ ಗೊತ್ತಾಯಿತು. ನಾನು ಯಾರು ಅಂತ ಅವರಿಗೆ ಗೊತ್ತಿರಲಿಲ್ಲ.

ಆಟ ಶುರುವಾಗಿ ಇನ್ನೂ ಸೀಟು ಬಿಸಿಯಾಗಿರಲಿಲ್ಲ, ಮೇಡಂ ಬಗ್ಗಿ ಕೇಳಿದರು.

“ಆ ಎತ್ತರದ ಹುಡುಗಿ ರೇಣುಕಾ ಅಲ್ವಾ? ಯಾಕೆ ಅಷ್ಟು ದೂರ ನಿಂತಿದಾರೆ? ಟೀಮಲ್ಲಿ ಏನಾದ್ರೂ ಜಗಳಾನಾ?”

“ಇಲ್ಲ ಮೇಡಂ. ಅದು ಪ್ಲಾನು.”

“ಯಾರ ಪ್ಲಾನು?”

“ನಂದೇ ಮೇಡಂ!” ಅಂದೆ. ಎದೆ ಉಬ್ಬಿಸಿಕೊಂಡೇ ಅಂದೆ.

ಆಮೇಲೆ ಹೊಸಹಳ್ಳಿಯವರು ಒಬ್ಬೊಬ್ಬರಾಗಿ ರಿಂಗಿನ ಕೆಳಗೆ ಬಂದರು. ಹಾಕಿದರು. ಹೋದರು. ಮೊದಲು ಓಡಿ ಬರುತ್ತಿದ್ದರು. ಆಮೇಲೆ ನಡೆದು ಬಂದರು. ಒಬ್ಬಳು ಜಡೆ ಸರಿ ಮಾಡಿಕೊಂಡು, ನಿಧಾನಕ್ಕೆ ಗುರಿ ಇಟ್ಟು ಹಾಕಿದಳು. ರೇಷನ್ ಅಂಗಡಿಯಲ್ಲಿಯೂ ಇಷ್ಟು ಸಲೀಸಾಗಿ ಏನೂ ಸಿಗುವುದಿಲ್ಲ!

“ಮಂಜ, ಏನೋ ಇದು?” ಮೂರ್ತಿ ಸಾರ್ ಗೆರೆಯ ಪಕ್ಕದಿಂದ ಕೂಗಿದರು.

ಅದನ್ನೇ ನಾನೂ ಕೇಳಬೇಕು ಅಂತಿದ್ದೆ. ಆದರೆ ಅಳತೆ ನಂದು. ಅಳತೆ ತಪ್ಪು ಅಂತ ಒಪ್ಪುವ ಜಾತಿ ನಮ್ಮದಲ್ಲ. ಟೈಲ್ಸ್ ಸೊಟ್ಟಗಾದರೆ ನಾವು ಗೋಡೆ ಸೊಟ್ಟಗಿದೆ ಅನ್ನುತ್ತೇವೆ.

“ಸಾರ್, ಅವಳು ಇನ್ನೂ ಒಳಗೇ ಇದಾಳೆ! ಅದಕ್ಕೇ ಹಿಂಗೆ! ಇನ್ನೂ ಹೊರಗೆ ಕಳ್ಸಿ!”

ಮೂರ್ತಿ ಸಾರ್ ಅವಳನ್ನು ಇನ್ನೂ ಹೊರಗೆ ಕಳಿಸಿದರು. ಈಗ ಅವಳು ಹೆಚ್ಚುಕಡಿಮೆ ನಮ್ಮ ಹತ್ತಿರ ಬಂದಿದ್ದಳು. ಅಲ್ಲಿಂದ ಅವಳು ನೋಡುತ್ತಿದ್ದದ್ದು ಬಾಲನ್ನಲ್ಲ. ನನ್ನನ್ನು.

ಹಿಂದಿನಿಂದ ಮೇಡಂ ಯಾರಿಗೋ ಹೇಳುತ್ತಿದ್ದರು. “ಪಾಪ, ಆ ಹುಡುಗಿಗೆ ಆಟ ಬರುತ್ತೆ ಅಂತ ಕೇಳಿದ್ದೆ.”

ಆ ‘ಪಾಪ’ ನನ್ನ ಬೆನ್ನಿಗೆ ಚುಚ್ಚಿತು. ಕೆಲಸ ಹೋಯಿತು ಅನ್ನಿಸಿತು. ಇವಳು ಇನ್ನು ಜನ್ಮಪೂರ್ತಿ ಬಟ್ಟೆ ಮಡಚಬೇಕು, ನಡುನಡುವೆ ನನ್ನನ್ನೂ.

ಅರ್ಧ ಆಟ ಮುಗಿದು ಬಿಡುವು ಬಂತು. ಮೇಡಂ ಟೀ ಕುಡಿಯಲು ಎದ್ದು ಹೋದರು. ರೇಣುಕಾ ನೀರೂ ಕುಡಿಯದೆ ನೇರವಾಗಿ ನನ್ನ ಹತ್ತಿರ ಬಂದಳು.

“ಏಳ್ರಿ. ಹೆಂಗ ಅಳದ್ರಿ, ತೋರಿಸ್ರಿ.”

“ಈಗ್ಲಾ?”

“ಈಗ.”

ಅವಳ ಹಿಂದೆ ನಾನು, ನನ್ನ ಹಿಂದೆ ಮೂರ್ತಿ ಸಾರ್. ರಿಂಗಿನ ಕಡೆ ಹೋದೆವು. ಜನ ನೋಡುತ್ತಿದ್ದರು. ಸರಿ, ತೋರಿಸಿಯೇ ಬಿಡೋಣ ಅಂತ ಟೇಪು ತೆಗೆದೆ. ಕೊಕ್ಕೆಯನ್ನು ಕಂಬಕ್ಕೆ ಸಿಕ್ಕಿಸಿದೆ. ಒಂದು ಆಳುದ್ದ ಎಳೆದು, ಅಲ್ಲಿ ನಿಂತು, ಕಾಲಿನಿಂದ ನೆಲ ಕುಟ್ಟಿದೆ.

“ನೋಡು, ಇಲ್ಲೀವರೆಗೆ ಹತ್ತಿರ. ಇದರೊಳಗೆ ಒಂದೂ ಬಿದ್ದಿಲ್ಲ. ಬೇಕಾದ್ರೆ ಆಣೆ ಮಾಡ್ತೀನಿ!”

“ಈಗ ಮ್ಯಾಲ ನೋಡ್ರಿ,” ಅಂದಳು ರೇಣುಕಾ.

ನೋಡಿದೆ.

ಸರಿಯಾಗಿ ನನ್ನ ತಲೆಯ ಮೇಲೆ ರಿಂಗು! ಬಲೆ ಗಾಳಿಗೆ ಆಡುತ್ತಿತ್ತು.

ಕಂಬ ಕೋರ್ಟಿನ ಗೆರೆಯ ಆಚೆ ಇದೆ. ಅಲ್ಲಿಂದ ಒಂದು ಕಬ್ಬಿಣದ ತೋಳು ಮುಂದಕ್ಕೆ ಚಾಚಿ, ಅದರ ತುದಿಯಲ್ಲಿ ಬೋರ್ಡು, ಬೋರ್ಡಿಗೆ ರಿಂಗು. ಇದನ್ನು ನಾನು ದಿನಾ ನೋಡಿದ್ದೆ. ತಲೆಗೆ ಹೋಗಿರಲಿಲ್ಲ. ನಾನು ‘ಹತ್ತಿರ’ ಅಂತ ಅಳೆದ ಜಾಗ ರಿಂಗಿನ ಮುಂದಿನದಲ್ಲ, ರಿಂಗಿನ ಹಿಂದಿನದು! ರಿಂಗಿನ ಕೆಳಗೆ ಹಾಕಿದ್ದೆಲ್ಲ ನನ್ನ ಲೆಕ್ಕದಲ್ಲಿ ‘ಮಧ್ಯ’ಕ್ಕೆ ಹೋಗಿತ್ತು. ‘ಹತ್ತಿರ’ದಿಂದ ಯಾರೂ ಬಾಲ್ ಹಾಕಿರಲಿಲ್ಲ, ನಿಜ. ಅಲ್ಲಿ ಎಲ್ಲರೂ ಚಪ್ಪಲಿ ಬಿಡುತ್ತಿದ್ದರು!

ಮೂರ್ತಿ ಸಾರ್ ಮೇಲೆ ನೋಡಿದರು. ಕೆಳಗೆ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಮೇಲೆ ನೋಡಿದರು. ರಿಂಗು ಅಲ್ಲೇ ಇತ್ತು.

“ಮಂಜ,” ಅಂದರು.

“ಸಾರ್.”

“ನೀನು ಓದದೇ ಇದ್ದಿದ್ದು ಒಳ್ಳೇದಾಯ್ತು ಕಣೋ.”

ರೇಣುಕಾ ಏನೂ ಬೈಯಲಿಲ್ಲ. ನನ್ನ ಕೈಯಿಂದ ಟೇಪು ಕಿತ್ತುಕೊಂಡಳು. ಅದು ಚರ್ ಅಂತ ಒಳಗೆ ಹೋಯಿತು. “ಚಪ್ಪಲಿ ಬಾಲ್ ಹಾಕಿಲ್ಲ ಅಂತ ನನ್ನ ದೂರ ನಿಲ್ಲಿಸಿದ್ರಿ!” ಅಂದಳು. ಬೈದಿದ್ದರೇ ವಾಸಿ ಇತ್ತು.

ಎರಡನೇ ಅರ್ಧದಲ್ಲಿ ಅವಳು ರಿಂಗಿನ ಕೆಳಗೆ ನಿಂತಳು. ಆ ಗಿಡ್ಡ ಹುಡುಗಿ ಅಭ್ಯಾಸಬಲದಿಂದ ನಡೆದು ಬಂದಳು. ರೇಣುಕಾ ಬಾಲಿಗೆ ಕೊಟ್ಟ ಏಟಿಗೆ ಅದು ನಾನು ಕೂತಿದ್ದ ಕುರ್ಚಿ ತನಕ ಬಂತು. ನನಗೇ ಬಡಿಯಲಿ ಅಂತ ಹೊಡೆದಿದ್ದೋ ಏನೋ. ಆಮೇಲೆ ಬಂದವರನ್ನೆಲ್ಲ ಹಾಗೇ ವಾಪಸ್ ಕಳಿಸಿದಳು. ಹೊಸಹಳ್ಳಿಯವರಿಗೆ ರಿಂಗಿನ ದಾರಿಯೇ ಮರೆತುಹೋಯಿತು. ನಮ್ಮವರು ಒಂದೊಂದೇ ಹಾಕುತ್ತಾ ಹತ್ತಿರ ಹತ್ತಿರ ಬಂದರು. ಇನ್ನೇನು ಮುಟ್ಟಬೇಕು, ಸೀಟಿ ಊದಿದರು.

ಸೋತೆವು. ಕೂದಲೆಳೆಯಲ್ಲಿ. ಆ ಕೂದಲು ಯಾರದು ಅಂತ ಎಲ್ಲರಿಗೂ ಗೊತ್ತಿತ್ತು.

ನಾನು ಮುಖ ಮುಚ್ಚಿಕೊಂಡು ಜಾರಿಕೊಳ್ಳುವ ಹೊತ್ತಿಗೆ ಮೇಡಂ ಎದ್ದು ರೇಣುಕಾ ಹತ್ತಿರ ಹೋದರು. ಕಂಬದ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ಆ ಕಂಬ ನನಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

“ರೇಣುಕಾ, ನಾನು ಎಷ್ಟೋ ಮ್ಯಾಚ್ ನೋಡಿದೀನಿ. ಒಬ್ಬ ಆಟಗಾರ್ತಿ ಜಾಗದಲ್ಲಿ ಇಲ್ದಿದ್ರೆ ಏನಾಗುತ್ತೆ, ಇದ್ರೆ ಏನಾಗುತ್ತೆ ಅಂತ ಇಷ್ಟು ಚೆನ್ನಾಗಿ ಯಾರೂ ತೋರ್ಸಿರ್ಲಿಲ್ಲ. ಸೋಮವಾರ ಸ್ಕೂಲಿಗೆ ಬಂದು ಸೇರ್ಕೊಳಿ.”

ನನಗೆ ಮತ್ತೆ ಶಾಕ್! ಅಂದರೆ ಕೆಲಸ ಸಿಕ್ಕಿದ್ದು ನನ್ನ ಪ್ಲಾನಿನಿಂದಲೇ! ಒಂದು ಕಾಲು ಮುಂದಿಟ್ಟೆ, ಹೋಗಿ ಹೇಳಿಕೊಳ್ಳೋಣ ಅಂತ. ಅಷ್ಟರಲ್ಲಿ ಮೇಡಂ ಇನ್ನೊಂದು ಮಾತು ಹೇಳಿದರು.

“ಅಂದ ಹಾಗೆ, ನನ್ನ ಮುಂದೆ ಕೂತಿದ್ರಲ್ಲ, ಪ್ಲಾನು ನಂದು ಅಂತಿದ್ರು. ಅವರು ನಿಮಗೆ ಪರಿಚಯಾನಾ?”

ರೇಣುಕಾ ಕಂಬದ ಕಡೆ ನೋಡಿದಳು. ನನ್ನ ಅರ್ಧ ಹೊಟ್ಟೆ, ಒಂದು ಕಾಲು ಈಚೆ ಕಾಣುತ್ತಿತ್ತು.

“ಇಲ್ರಿ ಮೇಡಂ. ಯಾರೋ ಏನೋ. ಟೈಲ್ಸ್ ಹಾಕಾವ ಇರಬೇಕು.”

“ನಮ್ಮ ಮಕ್ಕಳ ಹತ್ರ ಅಂಥವರನ್ನ ಬಿಟ್ಕೋಬೇಡಿ.”

“ಖಂಡಿತ ಇಲ್ರಿ.”

ಕಾಲು ಒಳಗೆ ಎಳೆದುಕೊಂಡೆ.

ಈಗ ದಿನಾ ಬೆಳಿಗ್ಗೆ ಅವಳನ್ನು ಗಾಡಿಯಲ್ಲಿ ಬಿಡುತ್ತೇನೆ. ಗೇಟಿನ ತನಕ ಅಲ್ಲ. ನನ್ನ ಪರಿಚಯ ಅವಳಿಗೆ ಇಲ್ಲವಲ್ಲ! ಹಿಂದಿನ ತಿರುವಿನಲ್ಲೇ, ಎಳನೀರು ಗಾಡಿಯ ಹತ್ತಿರ ಇಳಿಸುತ್ತೇನೆ. ಅಲ್ಲಿಂದ ಅವಳು ಗುರುತು ಪರಿಚಯ ಇಲ್ಲದವಳ ಹಾಗೆ ನಡೆದು ಹೋಗುತ್ತಾಳೆ. ಆ ತಿರುವಿನಿಂದ ಗೇಟಿಗೆ ಎಷ್ಟು ದೂರ ಅಂತ ನನ್ನನ್ನು ಕೇಳಬೇಡಿ. ಟೇಪು ಇನ್ನೂ ಅವಳ ಹತ್ತಿರವೇ ಇದೆ.